ಹಳಿಯ ಒಡಲಿನ ಬಿರುಕು

ಸಂತೆಯಲ್ಲಿ ಮಣ್ಣಿನ ಗಡಿಗೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ ನೋಡದೆ ಕಾಸು ಬಿಚ್ಚುವಳೇ? ಕಣ್ಣಿಗೆ ಕಾಣದ ಬಿರುಕನ್ನು ಕಿವಿಯು ಹಿಡಿಯುವುದು. (ಆಗ ಮಾರುವವನ ಮುಖ ಸಪ್ಪಗಾಗುವುದೂ ಉಂಟು.) ರೈಲುಹಳಿಗೂ ಇಂತಹುದೊಂದು ಪರೀಕ್ಷೆ ಬೇಕೆಂದು ಮನವರಿಕೆಯಾದುದು ಅನಾಹುತವಾದ ಬಳಿಕ.

1911ನೆಯ ಇಸವಿ ಆಗಸ್ಟ್ 25ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಮ್ಯಾಂಚೆಸ್ಟರ್ ಎಂಬಲ್ಲಿ ಗಾಡಿಯ ಕೆಳಗೆ ಹಳಿಯು ಮುರಿದು, ಡಬ್ಬಿಗಳು ಸೇತುವೆಯಿಂದ ಕೆಳಕ್ಕುರುಳಿ, 29 ಮಂದಿ ಮಡಿದರು. ಮುರಿದ ತುಂಡುಗಳನ್ನು ಪರೀಕ್ಷಿಸಲಾಗಿ, ದೋಷವು ಉಕ್ಕಿನ ಒಡಲಿನಲ್ಲಿಯೇ ಹುಟ್ಟಿ ಬೆಳೆದುದೆಂದು ತಿಳಿಯಬಂದಿತು. ಹೊರಗಿನಿಂದ ನೋಡುವವನಿಗೆ ಅದು ತೋರುವಂತಿರಲಿಲ್ಲ.

ಇದರ ಬಗೆಯನ್ನು ನಮ್ಮ ವಾಚಕರಿಗೆ ಕೊಂಚ ಬಿಡಿಸಿ ಹೇಳುವೆವು. ಉಕ್ಕು ತಣಿಯುವಾಗ ಅದರೊಳಗೆ ಸಿಕ್ಕಿಬಿದ್ದ ಜಲಜನಕದಿಂದ ಕೂದಲೆಳೆಯಂತಹ ಸೀಳು ಉಂಟಾಗಬಹುದು. ಮೇಲೆ ಹಾಯುವ ಒಂದೊಂದು ಗಾಲಿಯೂ ಅದನ್ನು ಕಿಂಚಿತ್ತು ಹಿಗ್ಗಿಸುವುದು. ಗಾಡಿಯು ಭಾರವಾದಷ್ಟೂ ಬಿರುಕು ಬೇಗ ಬೆಳೆಯುವುದು. 2001ನೆಯ ಜೂನ್ 21ರಂದು ಪಶ್ಚಿಮ ಆಸ್ಟ್ರೇಲಿಯದಲ್ಲಿ ಕಬ್ಬಿಣದ ಅದಿರನ್ನು ಹೊತ್ತು ಓಡಿದ ಒಂದೇ ಗಾಡಿಗೆ 682 ಬಂಡಿಗಳು; ಉದ್ದ ಏಳು ಕಿಲೋಮೀಟರಿಗೂ ಮಿಗಿಲು; ತೂಕ ಒಂದು ಲಕ್ಷ ಟನ್ನಿಗೆ ತುಸುವೇ ಕಡಿಮೆ! ಅದು ದಾಖಲೆಗಾಗಿ ಓಡಿಸಿದುದು ನಿಜ; ಆದರೂ ಹಳಿಯು ತಾಳಬೇಕಾದ ಹೊರೆಯನ್ನು ಎಣಿಸಿ ನಾವು ಬೆರಗಾದೆವು.

ಹಡಗುಗಳ ಗೈರೋ ದಿಕ್ಸೂಚಿಯಿಂದ ಹೆಸರಾಗಿದ್ದ ಎಲ್ಮರ್ ಸ್ಪೆರಿಯು 1928ರಲ್ಲಿ ಹಳಿ ಪರೀಕ್ಷಿಸುವ ಬಂಡಿಯೊಂದನ್ನು ಓಡಿಸಿದನು. ಹಳಿಯಲ್ಲಿ ಬಲವಾದ ವಿದ್ಯುತ್ತನ್ನು ಹರಿಯಿಸಿದರೆ, ಬಿರುಕಿದ್ದೆಡೆ ಅದು ಬಳಸಿ ಹೋಗುವುದು. ಸುತ್ತಣ ಕಾಂತಬಲವೂ ಕದಡುವುದು. ತಂತಿಯ ಸುರುಳಿಯು ಇದನ್ನರಿತೊಡನೆ ಹಳಿಯ ಮೇಲೆ ಬಣ್ಣ ಚಿಮ್ಮುವುದು. ಮುಂದೆ ಶಬ್ದದ ಉಪಾಯವು ಬಂದಿತು. ನಮ್ಮ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ನಾದವನ್ನು, ನಡುವೆ ನೀರಿನ ಪೊರೆಯಿಟ್ಟು, ಹಳಿಯೊಳಕ್ಕೆ ಕಳುಹುವರು; ಬಿರುಕಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಅದರ ನೆಲೆಯನ್ನು ಅರಿಯುವರು. ಬಿರುಕು ನಾನಾ ದಿಕ್ಕಿಗೆ ಓರೆಯಾಗಿರುವುದರಿಂದ ನಾದವನ್ನೂ ಹಲವು ಕೋನಗಳಲ್ಲಿ ಕಳುಹಬೇಕು. ಗಡಿಗೆಯ ಪರೀಕ್ಷೆಯ ಮೊಮ್ಮಗಳೆಂದೇ ಇದನ್ನು ನಾವು ಕರೆಯುವೆವು.

ಈ ಉಪಾಯವೂ ಸರ್ವಜ್ಞವಲ್ಲ. ಮೇಲ್ಮೈಯಲ್ಲಿ ಸಣ್ಣ ಬಿರುಕುಗಳು ದಟ್ಟವಾಗಿದ್ದರೆ ಅವು ನಾದವನ್ನು ತಡೆದು, ಕೆಳಗಿನ ದೊಡ್ಡ ಬಿರುಕನ್ನು ಮರೆಮಾಡುವುವು. ಆದರೆ ದೋಷವನ್ನು ಕಂಡುಹಿಡಿದ ಮೇಲೂ ತಡಮಾಡುವುದು ನಮ್ಮ ದೃಷ್ಟಿಯಲ್ಲಿ ಹೆಚ್ಚಿನ ಅಪರಾಧ. 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡಿನಲ್ಲಿ ಪ್ರಯಾಣಿಕರ ಗಾಡಿಯ ಕೆಳಗೆ ಹಳಿಯು ಚೂರುಚೂರಾಗಿ ನಾಲ್ವರು ಸತ್ತರು. ಆ ಹಳಿಯು ಕೆಟ್ಟುದೆಂದು ತಿಂಗಳುಗಳ ಹಿಂದೆಯೇ ಗೊತ್ತಿದ್ದಿತು. ಅದರ ಬದಲಿಗೆ ಹಾಕಬೇಕಾದ ಹೊಸ ಹಳಿಯೂ ಆ ತಾಣಕ್ಕೆ ಬಂದು ದಾರಿಯ ಪಕ್ಕದಲ್ಲಿಯೇ ಬಿದ್ದಿದ್ದಿತು.