ದಿನಕ್ಕೆ ಒಂದು ಮಿಲಿಮೀಟರು

ದಸರಾ ರಜೆಗೆ ಬಾದಾಮಿಯಿಂದ ಇಳಕಲ್ಲಿಗೆ ಬಂದ ಮೊಮ್ಮಗ, ಚೀಲ ಇಟ್ಟವನೇ ಪಕ್ಕದ ಮನೆ ಕಾಕಾನ ಮಗ್ಗದ ಹತ್ತಿರ ಓಡಿದ. ಮಗ್ಗ ಸುಮ್ಮನಿತ್ತು. ಎರಡು ತಿಂಗಳ ಹಿಂದೆ ಒಡೆದ ಕಿಟಕಿಯ ಗಾಜು ಕಾಕಾನ ಮಣಿಕಟ್ಟು ಕೊಯ್ದು ನರ ತುಂಡಾಗಿತ್ತು. ಗಾಯವೇನೋ ಮಾಯ್ದಿದೆ. ಆದರೆ ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಮುಟ್ಟಿದ್ದೇ ತಿಳಿಯುವುದಿಲ್ಲ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಇಳಕಲ್ ನೇಕಾರನಿಗೆ ಬೆರಳೇ ಕಣ್ಣಲ್ಲವೇ?

"ಅಜ್ಜಾ, ಬಾಗಲಕೋಟ್ಯಾಗ ಡಾಕ್ಟರು ನರಕ್ಕ ಹೊಲಿಗಿ ಹಾಕ್ಯಾರಲ್ಲ, ಮತ್ತ ಯಾಕ ತಿಳೀವಲ್ದು?" ಎಂದ ಮೊಮ್ಮಗ.

ಕರೆಂಟಿನ ತಂತಿ ಕಡಿದರೆ ಎರಡು ತುದಿ ಹೊಸೆದ ಕೂಡಲೇ ದೀಪ ಹತ್ತುತ್ತದೆ. ನರ ಹಾಗಲ್ಲ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯರು ಕಪ್ಪೆಯ ನಾಲಿಗೆಯ ನರ ಕತ್ತರಿಸಿ ನೋಡಿದರು. ಕತ್ತರಿಸಿದ ಜಾಗದಿಂದ ಆಚೆಗಿನ ಎಳೆಗಳು ಚೂರುಚೂರಾಗಿ ಹಾಳಾದವು. ಹೊಲಿಗೆ ಹಾಕಿದರೂ ಅಷ್ಟೇ. ಈಚೆ ತುದಿಯಿಂದ ಹೊಸ ಎಳೆ ಚಿಗುರಿ ಬೆರಳಿನವರೆಗೂ ನಡೆಯಬೇಕು. ಮೊದಲು ಕೆಲವು ದಿನ ಸುಮ್ಮನಿದ್ದು, ಆಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರು. ಮಣಿಕಟ್ಟಿನಿಂದ ಕಿರುಬೆರಳ ತುದಿಗೆ ಸುಮಾರು 15 ಸೆಂಟಿಮೀಟರು. ಲೆಕ್ಕ ನೀವೇ ಹಾಕಿ ಮಕ್ಕಳೇ.

ನಡುವೆ ನರದ ತುಂಡೇ ಹೋಗಿದ್ದರೆ ಕಷ್ಟ ಹೆಚ್ಚು. ಜಗ್ಗಿ ಹೊಲಿದರೆ ಸರಿಯಾಗಿ ಮಾಯುವುದಿಲ್ಲ. ಕಾಲಿನಿಂದ ಒಂದು ನರ ತೆಗೆದು ಅಲ್ಲಿ ಕೂಡಿಸುತ್ತಾರೆ. ಆಗ ಪಾದದ ಹೊರ ಅಂಚು ಜೋಮು ಹಿಡಿಯುತ್ತದೆ. ಒಂದನ್ನು ಕೊಟ್ಟು ಒಂದನ್ನು ಕೊಂಡ ವ್ಯಾಪಾರ ಅದು!

ಹುನಗುಂದದ ನಮ್ಮ ಅಕ್ಕ ಹಿತ್ತಲಲ್ಲಿ ಅವರೆ ಬಳ್ಳಿಗೆ ಹಂದರ ಹಾಕುತ್ತಾಳೆ. ಹಂದರ ಇಲ್ಲದಿದ್ದರೆ ಬಳ್ಳಿ ಕಂಡ ಕಂಡ ಕಡೆ ಹರಿಯುತ್ತದೆ. ನರದ ಎಳೆಗೂ ಅಂಥದೊಂದು ಹಂದರ ಬೇಕು: ಎರಡು ತುದಿಗಳನ್ನು ಸೇರಿಸುವ ಸಣ್ಣ ಕೊಳವೆ. ಕೆಲಸ ಮುಗಿದ ಮೇಲೆ ಅದು ಮೈಯೊಳಗೇ ಕರಗಿಹೋದರೆ ತೆಗೆಯುವ ತಾಪತ್ರಯವಿಲ್ಲ. ಕರಗುವ ಹೊಲಿಗೆದಾರದ ವಸ್ತುವಿನಿಂದಲೇ ಇಂಥ ಕೊಳವೆ ಮಾಡಿದ್ದುಂಟು.

ಈಗ ಅದನ್ನು ಅಚ್ಚು ಹಾಕುವ ಕಾಲ ಬಂದಿದೆ. ಜಿಲೇಬಿ ಹಿಟ್ಟು ಹಿಂಡಿದ ಹಾಗೆ ಮುದ್ರಣಯಂತ್ರ ಮೆತ್ತನೆಯ ಜೆಲ್ಲನ್ನು ಗೆರೆಗೆರೆಯಾಗಿ ಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೌಶಿಕ್ ಚಟರ್ಜಿ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿತು. ಅವರು ಅಚ್ಚು ಹಾಕಿದ್ದು ಕೊಳವೆಯನ್ನಲ್ಲ, ಚಪ್ಪಟೆ ಹಾಳೆಯನ್ನು. ಮೈಯೊಳಗಿನ ತೇವ ಹೀರಿ ಉಬ್ಬಿದಾಗ ಹಾಳೆ ತಾನೇ ಸುರುಳಿ ಸುತ್ತಿ, ನರದ ಎರಡು ತುದಿಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಗೆರೆಗಳನ್ನು ಯಾವ ಓರೆಯಲ್ಲಿ ಎಳೆದರೆ ಹೇಗೆ ಸುತ್ತುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳು ದಾರದಲ್ಲಿ ಹೊಲಿಯುವ ವೈದ್ಯರ ಕಷ್ಟ ಇದರಿಂದ ಇಳಿಯಬಹುದು. ಪರೀಕ್ಷೆ ನಡೆದದ್ದು ಇಲಿಗಳ ಕಾಲಿನ ನರದಲ್ಲಿ, 45 ದಿನಗಳವರೆಗೆ. ನರ ಮಾಯಲು ನೆರವಾಯಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದವಿದೆ.

ಕಾಕಾನಿಗೆ ಆದದ್ದು ಬರೀ ಹೊಲಿಗೆ. ವೈದ್ಯರು ಅವನ ಅಂಗೈ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಎಲ್ಲಿ ಜುಮ್ಮೆನ್ನುತ್ತದೋ ಅಲ್ಲಿಯವರೆಗೆ ಎಳೆ ಬಂದಿದೆ ಎಂದರ್ಥ. ಮೊಮ್ಮಗನೂ ತಟ್ಟಿ ನೋಡಿದ. "ಹಾಂ, ಅಲ್ಲೇ!" ಎಂದ ಕಾಕಾ. ಹುಡುಗ ಬಾಲ್‌ಪೆನ್ನಿನಿಂದ ಚುಕ್ಕಿ ಇಟ್ಟು, ಗಾಯದ ಗೆರೆಯಿಂದ ಸ್ಕೇಲಿಟ್ಟು ಅಳೆದ. ನಾಲ್ಕೂವರೆ ಸೆಂಟಿಮೀಟರು.

"ದೀಪಾವಳಿಗೆ ಬಂದಾಗ ಮತ್ತ ಅಳೀತೀನಿ, ಕೈ ತೊಳಕೋಬ್ಯಾಡ ಕಾಕಾ" ಅಂದ.