ಹಿರಿಯರ ಹತ್ತಿರ ಕೂತು ಬರೆದುಕೊಳ್ಳಿ: ಬ್ರಹ್ಮಸಮುದ್ರ ಸೀಮೆಯವರಿಗೊಂದು ಮನವಿ



2020ರ ಮಾರ್ಚ್ 25ರಿಂದ ಹಿಡಿದ ಕೊರೊನಾ ಲಾಕ್‌ಡೌನ್ ಎರಡು ಸಲ ಮುಂದಕ್ಕೆ ಹೋಗಿ ಮೇ 17 ಅಂದರು. ಅಲ್ಲಿಗಾದರೂ ಮುಗಿಯುವ ಲಕ್ಷಣ ಕಾಣಲಿಲ್ಲ. ಆಂಧ್ರದ ಅನಂತಪುರ ಜಿಲ್ಲೆಯ ನಮ್ಮ ಗಡಿಯಲ್ಲಿ ಪೊಲೀಸರು ನಿಂತರು. ಕರ್ನಾಟಕದ ಪರಶುರಾಂಪುರಕ್ಕೂ ಚಳ್ಳಕೆರೆಗೂ ಮನೆಯ ಹಿತ್ತಿಲಿಗೆ ಹೋದಷ್ಟೇ ಸಲೀಸಾಗಿ ಹೋಗಿಬರುತ್ತಿದ್ದ ನಮಗೆ ಅದು ಬೇರೆ ರಾಜ್ಯ ಅನ್ನುವುದು ಆಗ ಗೊತ್ತಾಯಿತು. ಬೆಂಗಳೂರಿನ ಗಾರ್ಮೆಂಟ್ಸ್, ಹೋಟೆಲು, ಕಟ್ಟಡದ ಕೆಲಸ ಬಿಟ್ಟು ಬಂದ ಹುಡುಗರು ಹುಡುಗಿಯರು ಎರಡು ತಿಂಗಳಿನ ಹತ್ತಿರ ಊರಲ್ಲೇ ಇದ್ದರು. ಹಬ್ಬಕ್ಕೂ ಅಷ್ಟು ದಿನ ಇದ್ದವರಲ್ಲ.

ಆಗ ಟಿವಿ ಹಾಕಿದರೆ, ಫೋನು ತೆಗೆದರೆ ಒಂದೇ ಉಪದೇಶ: ಸಿಕ್ಕಿದ ಹೊತ್ತು ಹಾಳುಮಾಡಬೇಡಿ, ಆನ್‌ಲೈನ್ ಕೋರ್ಸ್ ಮಾಡಿ, ಹೊಸ ಭಾಷೆ ಕಲಿಯಿರಿ, ಯೋಗ ಮಾಡಿ. ತಿಂಗಳ ಸಂಬಳ ಖಾತೆಗೆ ಬೀಳುವವರಿಗೆ ಅದು ಒಳ್ಳೆಯ ಮಾತೇ. ದಿನಗೂಲಿ ನಿಂತುಹೋದ ಮನೆಯಲ್ಲಿ ಕೂತು ಕೇಳಿದರೆ ಮಾತ್ರ ಸಿಟ್ಟು ಬರುತ್ತಿತ್ತು. ಹಾಗಾಗಿ ಈಗಲೂ ಮೊದಲು ಹೊಟ್ಟೆಯ ಮಾತು. ರೇಷನ್ ಅಕ್ಕಿ ಬಿಡಬೇಡಿ. 2020ರ ಏಪ್ರಿಲ್ 20ರಿಂದ ಉದ್ಯೋಗ ಖಾತ್ರಿ ಕೆಲಸಕ್ಕೆ ಅನುಮತಿ ಸಿಕ್ಕಿತ್ತು, ಆಗ ನಮ್ಮ ರಾಜ್ಯದಲ್ಲಿ ದಿನಕ್ಕೆ 237 ರೂಪಾಯಿ ದರ ಇತ್ತು. ಜಾಬ್ ಕಾರ್ಡ್ ಇದ್ದವರು ಕೆಲಸ ಕೇಳಿ; ಪಟ್ಟಣದಲ್ಲಿ ಮಿಷನ್ ಹೊಲಿದವರು ಊರಲ್ಲಿ ಗುದ್ದಲಿ ಹಿಡಿದರೆ ಮಾನ ಹೋಗುವುದಿಲ್ಲ.

ಅದರ ಮೇಲೆ ಉಳಿಯುವ ಹೊತ್ತಿನ ಬಗ್ಗೆ ನನ್ನದು ಒಂದೇ ಕೋರಿಕೆ. ನಿಮ್ಮ ಮನೆಯ, ನಿಮ್ಮ ಬೀದಿಯ ಹಿರಿಯರ ಎದುರು ಒಂದು ನೋಟುಬುಕ್ಕು ಇಟ್ಟುಕೊಂಡು ಕೂತುಕೊಳ್ಳಿ. ಅವರಿಗೆ ಗೊತ್ತಿರುವುದನ್ನು ಬರೆದುಕೊಳ್ಳಿ.

ಇದೇನು ದೊಡ್ಡ ಕೆಲಸ ಅನ್ನಬೇಡಿ. ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಇದ್ದರು. ಕಾಡುಗೊಲ್ಲರ ಹೆಣ್ಣುಮಗಳು, ಒಂದಕ್ಷರ ಓದಿದವರಲ್ಲ. ಅವರ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಹೋಗಿ, ಎದುರು ಕೂತು, ಬರೆದುಕೊಂಡದ್ದರಿಂದ ಅವು ನಾಡಿಗೆ ಸಿಕ್ಕವು. ಅಂಥ ಅಜ್ಜಿಯರು ಹಗರಿ ಹೊಳೆಯ ಆ ದಡದಲ್ಲಿ ಮಾತ್ರ ಹುಟ್ಟಿದರು, ಈ ದಡದಲ್ಲಿ ಹುಟ್ಟಲಿಲ್ಲ ಅಂತ ನನಗೆ ಯಾರಾದರೂ ಹೇಳಿದರೆ ನಂಬುವುದಿಲ್ಲ. ನಮ್ಮ ಕಡೆ ಎದುರು ಹೋಗಿ ಕೂತವರು ಕಡಿಮೆ, ಅಷ್ಟೆ.

ಬರೆಯಲು ಏನಿದೆ ಎಂದರೆ, ಎಲ್ಲಿಂದ ಶುರುಮಾಡಲಿ? ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಅದೂ ಬಿದ್ದರೆ. ಇಷ್ಟು ನೀರಿನಲ್ಲಿ ಬೋರ್‌ವೆಲ್ ಇಲ್ಲದೆ ತಲೆಮಾರುಗಟ್ಟಲೆ ಬದುಕಿದವರ ಹತ್ತಿರ ವಿದ್ಯೆ ಇಲ್ಲದೆ ಇದ್ದೀತೇ? ಹಗರಿಯ ಮರಳಿನಲ್ಲಿ ಊಟೆ ಕಾಲುವೆ ತೋಡಿ ಹೊಲಕ್ಕೆ ನೀರು ತರುತ್ತಿದ್ದರಲ್ಲ, ಎಲ್ಲಿ ತೋಡಬೇಕೆಂದು ಹೇಗೆ ಗುರುತಿಸುತ್ತಿದ್ದರು, ಪಾಳಿ ಯಾರು ಹಾಕುತ್ತಿದ್ದರು, ಜಗಳವಾದರೆ ತೀರ್ಮಾನ ಯಾರದು? ಕಪಿಲೆ ಬಾವಿಯಲ್ಲಿ ಎತ್ತು ಹಿಂದೆ ಮುಂದೆ ನಡೆಯುವಾಗ ಹಾಡುತ್ತಿದ್ದ ಪದ ಯಾವುದು? ಶೇಂಗಾ ಒಂದೇ ಬೆಳೆಯಾಗುವ ಮೊದಲು ನವಣೆ, ಸಜ್ಜೆ, ಕೊರಲೆ, ಹುರುಳಿ ಯಾವ ಹೊಲಕ್ಕೆ, ಯಾವ ಮಳೆಗೆ ಬೀಳುತ್ತಿದ್ದವು? ಅಕ್ಕಡಿ ಸಾಲಿನಲ್ಲಿ ಏನೇನು ಇರುತ್ತಿತ್ತು? ನೆಲದಡಿಯ ಹಗೇವಿನಲ್ಲಿ ಕಾಳು ತುಂಬಿ ಬಾಯಿ ಮುಚ್ಚುವುದು ಹೇಗೆ, ತೆಗೆಯುವ ದಿನ ತಕ್ಷಣ ಒಳಗೆ ಇಳಿಯಬಾರದು ಎನ್ನುತ್ತಿದ್ದದ್ದು ಯಾಕೆ? ಭೈರವಾನಿತಿಪ್ಪೆ ಅಣೆಕಟ್ಟೆಗೆ ಅರವತ್ತು ವರ್ಷಕ್ಕೂ ಮೇಲಾಯಿತು. ಅದು ಏಳುವುದನ್ನು ಕಣ್ಣಾರೆ ಕಂಡವರು, ಅಲ್ಲಿ ಮಣ್ಣು ಹೊತ್ತವರು ಇನ್ನೂ ಇದ್ದಾರೆ. ಇಂಜಿನಿಯರ ಲೆಕ್ಕ ಕಚೇರಿಯ ಕಡತದಲ್ಲಿ ಇರುತ್ತದೆ. ಕೂಲಿಯವರ ಲೆಕ್ಕ ಇವರ ಬಾಯಲ್ಲಿ ಮಾತ್ರ.

ಬರೆಯುವುದರ ಜೊತೆಗೆ ದನಿಯನ್ನೂ ಫೋನಿನಲ್ಲಿ ಹಿಡಿಯಿರಿ. ಇದಕ್ಕೆ ಕಾರಣ ನಮ್ಮ ಸೀಮೆಯ ಒಬ್ಬ ದೊಡ್ಡವರ ಬದುಕಿನಲ್ಲೇ ಸಿಗುತ್ತದೆ. ಕಲ್ಯಾಣದುರ್ಗದ ಕಡೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದರು, ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಬರೆದರು. ಮುಂದೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳ ಕೆಲಸ ಅವರ ಕೈಗೆ ಬಂತು. ತಿರುಮಲೆ ಗುಡಿಯ ಒಂದು ಕೋಣೆಯಲ್ಲಿ ಶತಮಾನಗಳ ಕಾಲ ಮುಚ್ಚಿಟ್ಟಿದ್ದ ತಾಮ್ರದ ಹಲಗೆಗಳ ಮೇಲೆ ಸಾಹಿತ್ಯವಿತ್ತು, ರಾಗದ ಹೆಸರೂ ಇತ್ತು. ಹಾಡಿದ ಧಾಟಿ ಇರಲಿಲ್ಲ. ನೂರಕ್ಕೂ ಹೆಚ್ಚು ಕೀರ್ತನೆಗಳಿಗೆ ಶರ್ಮರು ಹೊಸದಾಗಿ ಸ್ವರ ಕೂಡಿಸಬೇಕಾಯಿತು. ಅಂಥ ವಿದ್ವಾಂಸರು ನಮ್ಮ ಬೀಸೋಕಲ್ಲಿನ ಪದಕ್ಕೆ, ಸೋಬಾನೆಗೆ ನೂರು ವರ್ಷದ ಮೇಲೆ ಸಿಗುತ್ತಾರೆಂಬ ಭರವಸೆ ನನಗಿಲ್ಲ.

ಮಕ್ಕಳ ವಿಷಯ ಇನ್ನೊಂದು. 2020ರ ಲಾಕ್‌ಡೌನಿನಲ್ಲಿ ಹತ್ತನೇ ತರಗತಿಯವರಿಗೆ ಆಂಧ್ರದ ಸಪ್ತಗಿರಿ ಚಾನೆಲ್‌ನಲ್ಲಿ ‘ವಿದ್ಯಾಮೃತಂ’ ಪಾಠ ಬಂತು, ಕರ್ನಾಟಕದ ಚಂದನದಲ್ಲಿ ‘ಪುನರ್ಮನನ’ ಬಂತು. ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಯ ಮಕ್ಕಳಿಗೆ ಮೊದಲನೆಯದರ ಪಠ್ಯ ತಮ್ಮದಾಗಿತ್ತು, ಭಾಷೆ ಆಗಿರಲಿಲ್ಲ. ಎರಡನೆಯದರ ಭಾಷೆ ತಮ್ಮದಾಗಿತ್ತು, ಪಠ್ಯ ಆಗಿರಲಿಲ್ಲ. ಇಂಥದ್ದನ್ನು ಸರಿಪಡಿಸುವುದು ಸರ್ಕಾರಗಳ ಕೆಲಸ, ಅವು ಯಾವಾಗ ಮಾಡುತ್ತವೋ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಓದುವ ಮಗುವಿಗೆ ಕನ್ನಡ ಅಕ್ಷರ ಕಲಿಸುವುದಕ್ಕೆ ಮಾತ್ರ ಯಾರ ಆದೇಶವೂ ಬೇಡ. ಎರಡು ಲಿಪಿಗಳು ಎಷ್ಟು ಹತ್ತಿರವೆಂದರೆ, ತೆಲುಗು ಬಲ್ಲ ಮಗು ಕೆಲವೇ ವಾರಗಳಲ್ಲಿ ಕನ್ನಡ ಓದೀತು. ಅಜ್ಜಿಯ ಪದವನ್ನೇ ಮೊದಲ ಪಾಠ ಮಾಡಿ. ಅಜ್ಜಿ ತೆಲುಗಿನಲ್ಲಿ ಹಾಡಿದರೆ ತೆಲುಗಿನಲ್ಲೇ ಬರೆಯಿರಿ. ಎರಡು ಭಾಷೆ ಬೆರೆತ ಪದ ಬಂದರೆ ತಿದ್ದಲು ಹೋಗಬೇಡಿ.

ಕೆಲವು ಎಚ್ಚರಿಕೆಗಳು.   ಕೂರುವುದು ಜಗಲಿಯಲ್ಲಿ, ಮರದ ನೆರಳಲ್ಲಿ. ಯಾರು ಹೇಳಿದರು, ಊರು ಯಾವುದು, ವಯಸ್ಸೆಷ್ಟು, ಯಾವ ದಿನ ಎಂಬುದನ್ನು ಪ್ರತಿ ಪುಟದ ಮೇಲೆ ಬರೆಯಿರಿ. ಅವರನ್ನು ಕೇಳದೆ ಒಂದು ತುಣುಕನ್ನೂ ವಾಟ್ಸಾಪ್‌ಗೆ ಬಿಡಬೇಡಿ. ಸೀಮೆಯ ಕಥೆಗಳಲ್ಲಿ ಜಾತಿಯ ನೋವು, ಬರಗಾಲದ ಹಸಿವು, ಊರು ಬಿಟ್ಟ ಅವಮಾನ ಬರುತ್ತವೆ. ಹೇಳಿದವರ ಒಪ್ಪಿಗೆ ಇದ್ದರೆ ಅದನ್ನೂ ಬರೆಯಿರಿ, ಚಂದ ಮಾಡಲು ಹೋಗಿ ಅಳಿಸಬೇಡಿ. ಮೇಲ್ಕೇರಿಯ ಹಿರಿಯರನ್ನು ಮಾತ್ರ ಕೇಳಿ ಊರಿನ ಚರಿತ್ರೆ ಅಂದುಬಿಡಬೇಡಿ.

ಇದರಿಂದ ನಿಮಗೇನು ಲಾಭ? ಕೆಲಸ ಸಿಗುವುದಿಲ್ಲ, ಸರ್ಟಿಫಿಕೇಟು ಬರುವುದಿಲ್ಲ. ಆದರೆ ಒಬ್ಬರ ಮಾತನ್ನು ಅಡ್ಡ ಬಾಯಿ ಹಾಕದೆ ಗಂಟೆಗಟ್ಟಲೆ ಕೇಳುವುದು, ಕೇಳಿದ್ದನ್ನು ಸರಿಯಾಗಿ ಬರೆಯುವುದು, ಸಂದೇಹ ಬಂದಲ್ಲಿ ಮತ್ತೊಬ್ಬರನ್ನು ಕೇಳಿ ತಾಳೆ ನೋಡುವುದು ಕಲಿಯುತ್ತೀರಿ. ಪದವಿ ಮುಗಿಸಿದ ಎಷ್ಟೋ ಜನಕ್ಕೆ ಇದು ಬರುವುದಿಲ್ಲ.

ಮೇ ಕೊನೆಗೆ ರೋಹಿಣಿ ಮಳೆ ಶುರು. ನಾಲ್ಕು ಹನಿ ಬಿದ್ದರೆ ಬೀಜದ ಚಿಂತೆ, ಸಾಲದ ಚಿಂತೆ, ಕೂರಿಗೆಯ ಚಿಂತೆ; ಆಮೇಲೆ ಕೇಳುವವರಿಗೂ ಹೇಳುವವರಿಗೂ ಪುರುಸೊತ್ತಿರುವುದಿಲ್ಲ. ನಾಳೆಯೇ ಕೂತುಕೊಳ್ಳಿ. ನೋಟುಬುಕ್ಕು ತುಂಬಿದ ಮೇಲೆ ಒಂದು ಪ್ರತಿ ನಕಲು ಮಾಡಿ ಊರ ಶಾಲೆಯ ಮೇಷ್ಟ್ರ ಹತ್ತಿರ ಕೊಟ್ಟಿಡಿ. ಮೊದಲ ಪ್ರಶ್ನೆ ತೋಚದಿದ್ದರೆ ಇದನ್ನು ಕೇಳಿ: “ತಾತಾ, ನೀನು ಚಿಕ್ಕವನಿದ್ದಾಗ ನಮ್ಮೂರಿಗೆ ಕುಡಿಯೋ ನೀರು ಎಲ್ಲಿಂದ ಬರ್ತಿತ್ತು, ಯಾರು ಮೊದಲು ಸೇದ್ತಿದ್ರು, ಯಾರು ಕಾಯ್ತಾ ನಿಲ್ಲಬೇಕಿತ್ತು?”