ಜೆರಾಕ್ಸ್ ಪ್ರತಿ: ಹಕ್ಕೆಷ್ಟು, ಹೊಣೆಯೆಷ್ಟು?

ಹರಿಹರದಿಂದ ನಿತ್ಯವೂ ಬಸ್ಸಿನಲ್ಲಿ ಬಂದು ದಾವಣಗೆರೆಯ ಶಿವಗಂಗೋತ್ರಿಯಲ್ಲಿ ಓದುವ ವಿದ್ಯಾರ್ಥಿಗೆ ಪಠ್ಯಪಟ್ಟಿಯ ಎಲ್ಲ ಪುಸ್ತಕಗಳನ್ನೂ ಕೊಳ್ಳುವುದು ಸುಲಭವಲ್ಲ. ಒಂದು ಅಧ್ಯಾಯಕ್ಕಾಗಿ ಆತ ಮೊರೆಹೋಗುವುದು ಜೆರಾಕ್ಸ್ ಅಂಗಡಿಗೆ. ಇದು ಕಳ್ಳತನವೇ? ಕಾನೂನು ಹಲವರು ಭಾವಿಸಿರುವುದಕ್ಕಿಂತ ಉದಾರವಾಗಿದೆ ಎಂಬುದು ನನ್ನ ತಿಳಿವಳಿಕೆ. ಆದರೆ ಆ ಔದಾರ್ಯಕ್ಕೂ ಮಿತಿಯುಂಟು.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ ಅಧ್ಯಯನ, ಸಂಶೋಧನೆ ಮತ್ತು ವಿಮರ್ಶೆಗಾಗಿ ಕೃತಿಯ ನ್ಯಾಯೋಚಿತ ಬಳಕೆಗೆ ಅವಕಾಶ ನೀಡಿದೆ. ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಲು ಪ್ರತ್ಯೇಕ ವಿನಾಯಿತಿಯೂ ಇದೆ. ದೆಹಲಿ ವಿಶ್ವವಿದ್ಯಾಲಯ ಹಾಗೂ ಅದರ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ವಿರುದ್ಧ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು 2012ರಲ್ಲಿ ಹೂಡಿದ ದಾವೆಯಲ್ಲಿ ಈ ವಿನಾಯಿತಿಯೇ ಪರೀಕ್ಷೆಗೊಳಗಾಯಿತು. 2016ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ದಾವೆಯನ್ನು ವಜಾ ಮಾಡಿತು. ಡಿಸೆಂಬರಿನಲ್ಲಿ ವಿಭಾಗೀಯ ಪೀಠವು, ಮುಖ್ಯವಾದುದು ಪುಟಗಳ ಎಣಿಕೆಯಲ್ಲ, ಆ ಭಾಗ ಬೋಧನೆಗೆ ಅಗತ್ಯವೇ ಎಂಬುದು ಎಂದು ಹೇಳಿ, ಅಷ್ಟರ ವಿಚಾರಣೆಗೆ ಮೊಕದ್ದಮೆಯನ್ನು ಮರಳಿಸಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು.

ಕರ್ನಾಟಕದ ನಿದರ್ಶನವೂ ಉಂಟು. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ಹಕ್ಕು ಉಯಿಲಿನ ಮೂಲಕ ಅದನ್ನು ಪಡೆದವರದೇ ಎಂದು 2009ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೆ ಶೈಕ್ಷಣಿಕ ವಿನಾಯಿತಿಯೊಳಗೆ ಬರುವ ಪ್ರದರ್ಶನಕ್ಕೆ ತಡೆಯಾಜ್ಞೆ ಅನ್ವಯಿಸದೆಂದೂ ಸ್ಪಷ್ಟಪಡಿಸಿತು.

ದೆಹಲಿಯಲ್ಲಿ ಸೋತವರು ಜಾಗತಿಕ ಪ್ರಕಾಶಕರು. ಆ ನಷ್ಟವನ್ನು ಅವರು ತಾಳಿಕೊಂಡಾರು. ಕನ್ನಡದ ಲೇಖಕ ಮತ್ತು ಸಣ್ಣ ಪ್ರಕಾಶಕರ ಸ್ಥಿತಿ ಹಾಗಿಲ್ಲ. ಮಾರುಕಟ್ಟೆಯಲ್ಲಿ ದೊರೆಯುವ ಕಾದಂಬರಿಯೊಂದನ್ನು ಇಡಿಯಾಗಿ ಜೆರಾಕ್ಸ್ ಮಾಡಿ, ರಟ್ಟು ಹಾಕಿ ಮಾರುವುದು ಬೋಧನೆಯಲ್ಲ, ವ್ಯಾಪಾರ. ಹಾಗೆಂದು ಎಲ್ಲ ಕೃತಿಗಳಿಗೂ ಎಂದೆಂದಿಗೂ ಅನುಮತಿ ಬೇಡಬೇಕಿಲ್ಲ. ಲೇಖಕರ ನಿಧನಾನಂತರ 60 ವರ್ಷಗಳಿಗೆ ಸ್ವಾಮ್ಯ ಮುಗಿಯುತ್ತದೆ. 1906ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ಪತ್ರಿಕೆ ಹೊರಡಿಸಿದ ಹರ್ಡೇಕರ್ ಮಂಜಪ್ಪನವರು ತೀರಿಕೊಂಡದ್ದು 1947ರಲ್ಲಿ. ಅವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2008ರಿಂದ ಸರ್ವರ ಸೊತ್ತು. ಕುವೆಂಪು ಕೃತಿಗಳಿಗಾದರೋ 2054ರ ಕೊನೆಯವರೆಗೂ ರಕ್ಷಣೆಯಿದೆ.

ಯಾವುದಕ್ಕೆ ಅವಕಾಶವುಂಟು, ಯಾವುದಕ್ಕಿಲ್ಲ ಎಂಬುದನ್ನು ಪ್ರತಿ ವಿಶ್ವವಿದ್ಯಾಲಯವೂ ಒಂದು ಪುಟದ ಸರಳ ಕನ್ನಡದಲ್ಲಿ ಬರೆದು ಗ್ರಂಥಾಲಯದಲ್ಲಿ ಪ್ರಕಟಿಸಬೇಕು. ಪಠ್ಯವಾಗಿ ನಿಗದಿಯಾದ ಕನ್ನಡ ಪುಸ್ತಕಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಕೊಳ್ಳಬೇಕು. ವಿದ್ಯಾರ್ಥಿಯ ಬಡತನದ ಭಾರವನ್ನು ವಿದ್ಯಾಸಂಸ್ಥೆ ಹೊರಬೇಕೇ ಹೊರತು ಕನ್ನಡದ ಬರಹಗಾರನ ಹೆಗಲಿಗೆ ದಾಟಿಸುವುದು ನ್ಯಾಯವಲ್ಲ.